ಬಿಡುವು ಯಾರ ಪಾಲು?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನಿವೃತ್ತರ ನೆಮ್ಮದಿಯ ಬದುಕು ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ನಾನು ಉಪನ್ಯಾಸಕನಲ್ಲ. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಕಾಲುವೆಯ ದಂಡೆಯ ಮೇಲೆ ಓಡಾಡಿದವನು. ನೆಮ್ಮದಿಯ ಬಗ್ಗೆ ಮಾತನಾಡಲು ಯೋಗ, ಪ್ರಾಣಾಯಾಮ, ಪಥ್ಯ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನನಗೆ ಗೊತ್ತಿರುವುದು ನೀರು ಹಂಚುವ ಕೆಲಸ. ಅದೇ ಲೆಕ್ಕದಲ್ಲಿ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ: ಒಂದು ಮನೆಯಲ್ಲಿ ಬಿಡುವು ಎಂಬುದು ಹೇಗೆ ಹಂಚಿಕೆಯಾಗುತ್ತದೆ?

ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರವರೆಗೆ 58 ಇತ್ತು, ಆಮೇಲೆ 60 ಆಯಿತು. ನಾನು ಕೊರೊನಾ ವರ್ಷದಲ್ಲಿ ನಿವೃತ್ತನಾದೆ. ಹಾರ, ಶಾಲು, ಭಾಷಣ ಯಾವುದೂ ಇರಲಿಲ್ಲ. ಆದೇಶದ ಪ್ರತಿ ಬಂತು, ಜೀಪು ಹೋಯಿತು. ಆ ಆದೇಶದಲ್ಲಿ 'ವಯೋನಿವೃತ್ತಿ' ಎಂಬ ಪದ ಇರುತ್ತದೆ. ಗಂಡಸಿಗೆ ಅದು ಒಂದೇ ದಿನದಲ್ಲಿ ಆಗಿಬಿಡುತ್ತದೆ. ಹಿಂದಿನ ಸಂಜೆ ಐದೂವರೆಗೆ ಪ್ರಭಾರ ಪಟ್ಟಿಗೆ ಸಹಿ ಹಾಕಿದರೆ ಮರುದಿನ ಅವನು ಮುಕ್ತ. ಆದರೆ ಅದೇ ದಿನ ಅದೇ ಮನೆಯಲ್ಲಿ ಇನ್ನೊಬ್ಬರ ಕೆಲಸ ಹೆಚ್ಚಾಗುತ್ತದೆ. ಇದನ್ನು ಯಾರೂ ಆದೇಶದಲ್ಲಿ ಬರೆಯುವುದಿಲ್ಲ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಅವನಿಗೆ ವಯೋನಿವೃತ್ತಿ, ಅವಳಿಗೆ ಹೆಚ್ಚುವರಿ ಪ್ರಭಾರ.

ಹೇಗೆ ಅಂತೀರಾ? ಸೇವೆಯಲ್ಲಿದ್ದಾಗ ಅವನು ಬೆಳಿಗ್ಗೆ ತಿಂಡಿ ತಿಂದು ಹೋದರೆ ರಾತ್ರಿಯೇ ಬರುತ್ತಿದ್ದ. ಮಧ್ಯಾಹ್ನದ ಊಟ ಡಬ್ಬಿಯಲ್ಲೋ, ಪ್ರವಾಸಿ ಮಂದಿರದಲ್ಲೋ ಆಗುತ್ತಿತ್ತು. ಆಕೆ ನಿನ್ನೆಯ ರೊಟ್ಟಿಗೆ ಚಟ್ನಿಪುಡಿ, ಮೊಸರು ಹಚ್ಚಿಕೊಂಡು ತನ್ನ ಪಾಡಿಗೆ ಉಂಡು ಒಂದು ತಾಸು ಅಡ್ಡಾಗುತ್ತಿದ್ದಳು. ಈಗ ಒಂದು ಗಂಟೆಗೆ ಬಿಸಿ ರೊಟ್ಟಿ, ಎರಡು ಪಲ್ಯ ಆಗಬೇಕು. ಹನ್ನೊಂದಕ್ಕೆ ಒಂದು ಚಹಾ, ನಾಲ್ಕಕ್ಕೆ ಇನ್ನೊಂದು. ಹಳೆಯ ಸಹೋದ್ಯೋಗಿಗಳು ಬಂದರೆ ಅವಲಕ್ಕಿ. ಮೂವತ್ತು ವರ್ಷ ಆಕೆಗೆ ಇದ್ದ ಆ ಒಂದು ತಾಸಿನ ಮಧ್ಯಾಹ್ನ ಗಂಡನ ನಿವೃತ್ತಿಯ ಮರುದಿನದಿಂದ ಇಲ್ಲವಾಗುತ್ತದೆ.

ಜೊತೆಗೆ ಸಾಹೇಬರ ಸ್ವಭಾವ ಬೇರೆ. ಉಪವಿಭಾಗದ ಕುರ್ಚಿಯಲ್ಲಿ ಕೂತವನ ಬಾಯಲ್ಲಿ ಮೂರೇ ಮಾತು ಉಳಿಯುತ್ತವೆ: 'ಚರ್ಚಿಸಿ', 'ಮಂಡಿಸಿ', 'ವಿಳಂಬಕ್ಕೆ ಕಾರಣ ತಿಳಿಸಿ'. ಕುರ್ಚಿ ಹೋದರೂ ಮಾತು ಉಳಿದಿರುತ್ತದೆ. ನನ್ನ ಗೆಳೆಯರೊಬ್ಬರು, ಹೆಸರು ಬೇಡ, ಅವರು ಈ ಸಭೆಗೂ ಬರುವವರೇ, ಮನೆಯ ಹಾಲಿನ ಲೆಕ್ಕವನ್ನು ಅಳತೆ ಪುಸ್ತಕದ ಮಾದರಿಯಲ್ಲೇ ಬರೆಯತೊಡಗಿದರು. ದಿನಾಂಕ, ಪ್ರಮಾಣ, ದರ, ಮೊತ್ತ, ಕೊನೆಗೆ 'ನಾನು ಖುದ್ದಾಗಿ ಪರಿಶೀಲಿಸಿದ್ದೇನೆ' ಎಂದು ಸಹಿ. ಮೊದಲ ತಿಂಗಳು ಮನೆಯವರು ನಕ್ಕರು. ಎರಡನೆಯ ತಿಂಗಳು ನಗು ನಿಂತಿತು. ಮೂರನೆಯ ತಿಂಗಳು ಅವರ ಮನೆಯವರು ಮಗಳ ಊರಿಗೆ ಹೋದವರು ಬೇಗ ಬರಲಿಲ್ಲ.

ಈಗ ಕಾಲುವೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಜಲಾಶಯದಿಂದ ಮುಖ್ಯ ಕಾಲುವೆ, ಅದರಿಂದ ಶಾಖಾ ಕಾಲುವೆ, ಅದರಿಂದ ವಿತರಣಾ ಕಾಲುವೆ, ಅಲ್ಲಿಂದ ತೂಬು, ತೂಬಿನಿಂದ ಹೊಲಗಾಲುವೆ. ಕಾಗದದ ಮೇಲೆ ಪ್ರತಿ ಎಕರೆಗೂ ನೀರಿನ ಪಾಲು ಇದೆ. ನಮ್ಮ ಉತ್ತರ ಕರ್ನಾಟಕದ ಯೋಜನೆಗಳಲ್ಲಿ ಹೆಚ್ಚಿನ ಅಚ್ಚುಕಟ್ಟನ್ನು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದೇ ಲೆಕ್ಕ ಹಾಕಿ ರೂಪಿಸಿದ್ದು. ಆದರೆ ನೀರು ಬಿಟ್ಟಾಗ ಮೊದಲು ಮುಟ್ಟುವುದು ತಲೆಭಾಗದ ಹೊಲಕ್ಕೆ. ಅಲ್ಲಿಯವರು ಭತ್ತ ಹಾಕುತ್ತಾರೆ, ಕಬ್ಬು ಹಾಕುತ್ತಾರೆ. ರಾತ್ರಿ ಕಾಲುವೆಗೆ ಅಡ್ಡ ಕಲ್ಲಿಡುತ್ತಾರೆ, ಪಂಪು ಇಳಿಬಿಡುತ್ತಾರೆ. ಅವರೇನು ಕೆಟ್ಟವರಲ್ಲ. ಕಣ್ಣೆದುರು ಹರಿಯುವ ನೀರು ತಮ್ಮದೇ ಎಂದು ಅನಿಸುವುದು ಸಹಜ. ಕೊನೆಭಾಗದ ರೈತನಿಗೆ ತಲುಪುವುದು ಒಣ ಕಾಲುವೆ, ಜಾಲಿ ಗಿಡ, ಜೊತೆಗೆ ಕರದ ನೋಟಿಸು.

1980ರ ಜುಲೈನಲ್ಲಿ ನರಗುಂದ–ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬಂಡಾಯ ಎದ್ದಾಗ ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಹೊಲಕ್ಕೆ ನೀರು ಸರಿಯಾಗಿ ಬಾರದಿದ್ದರೂ ಅಭಿವೃದ್ಧಿ ಕರ ಕಟ್ಟಿ ಅಂದರೆ ಹೇಗೆ ಎಂಬುದು ಅವರ ಮುಖ್ಯ ಪ್ರಶ್ನೆಯಾಗಿತ್ತು. ಹೈಡ್ರಾಲಿಕ್ಸ್ ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ. ಸೇವೆಗೆ ಸೇರಿದ ಮೇಲೆ ಹಿರಿಯ ಅಧಿಕಾರಿಯೊಬ್ಬರು ಹೇಳಿಕೊಟ್ಟ ಮಾತು ನನಗೆ ಪಾಠವಾಯಿತು. ಕಾಲುವೆ ಚೆನ್ನಾಗಿ ನಡೆಯುತ್ತಿದೆಯೇ ಎಂದು ನೋಡಬೇಕಾದರೆ ತಲೆಭಾಗದ ಗೇಜು ನೋಡಬೇಡ, ಜೀಪನ್ನು ನೇರ ಕೊನೆಯ ತೂಬಿಗೆ ಬಿಡು ಅನ್ನುತ್ತಿದ್ದರು. ಅಲ್ಲಿ ನೀರು ಇದ್ದರೆ ಮೇಲೆ ಎಲ್ಲ ಸರಿ ಇದೆ ಎಂದರ್ಥ. ಅಲ್ಲಿ ಇಲ್ಲದಿದ್ದರೆ ಮೇಲಿನ ವರದಿಗಳೆಲ್ಲ ಬರೀ ಕಾಗದ.

ಮನೆಗೂ ಇದನ್ನೇ ಹಚ್ಚಿ ನೋಡಿ. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಕೊನೆಗೆ ದೀಪ ಆರಿಸುವವರು ಯಾರು, ಜ್ವರ ಬಂದ ದಿನವೂ ಎದ್ದು ಹಾಲು ಕಾಯಿಸುವವರು ಯಾರು? ಅದೇ ಕೊನೆಯ ತೂಬು. ಬಿಡುವು ಅಲ್ಲಿಯವರೆಗೆ ಮುಟ್ಟಿದೆಯೇ? ತಲೆಭಾಗದಲ್ಲಿ ಆರಾಮ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತವನನ್ನು ಕೇಳಿದರೆ 'ನಮ್ಮ ಮನ್ಯಾಗ ಎಲ್ಲಾ ಆರಾಮ ಅದರಿ' ಎಂದೇ ಹೇಳುತ್ತಾನೆ. ಅದು ತಲೆಭಾಗದ ಗೇಜು.

ಇದು ನಮ್ಮ ನಿಮ್ಮ ಮನೆಯ ಮಾತಷ್ಟೇ ಅಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ಜನರು ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಎಂದು ದೇಶದಾದ್ಯಂತ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಎಂದು ಬಂತು. 97 ಪರವಾಗಿಲ್ಲವಲ್ಲ ಎಂದು ಗಂಡಸರು ಸಮಾಧಾನ ಪಡುವ ಮುನ್ನ ಒಂದು ಮಾತು. ಇದು ಕೆಲಸ ಮಾಡಿದವರದ್ದು ಮಾತ್ರ ತೆಗೆದ ಸರಾಸರಿ. ನೂರು ಗಂಡಸರಲ್ಲಿ ಅಂಥ ಕೆಲಸಕ್ಕೆ ಕೈ ಹಚ್ಚಿದವರೇ ಸುಮಾರು 26 ಮಂದಿ. ಹೆಂಗಸರಲ್ಲಿ 81. ಐದು ವರ್ಷ ಬಿಟ್ಟು 2024ರಲ್ಲಿ ಮತ್ತೆ ಸಮೀಕ್ಷೆ ಮಾಡಿದಾಗ ಹೆಂಗಸರದು 289, ಗಂಡಸರದು 88. ಇಬ್ಬರದೂ ಕಡಿಮೆ ಆಯಿತು, ಅಂತರ ಮಾತ್ರ ಹಾಗೇ ಉಳಿಯಿತು.

ಇಲ್ಲಿ ಕೂತಿರುವ ಹಿರಿಯರು ಮುನಿಸಿಕೊಳ್ಳಬಾರದು. ಜಾತ್ರೆಯ ದಾಸೋಹದಲ್ಲಿ ನಾವೇ ಗಂಡಸರು ಕೊಪ್ಪರಿಗೆಗಟ್ಟಲೆ ಅನ್ನ ಬಸಿಯುತ್ತೇವೆ, ಹುಗ್ಗಿ ತಿರುವುತ್ತೇವೆ, ಸಾವಿರಾರು ಜನರಿಗೆ ಬಡಿಸುತ್ತೇವೆ, ಎಂಜಲು ಬಳಿಯುತ್ತೇವೆ. ಅದನ್ನು ಸೇವೆ ಎಂದು ಹೆಮ್ಮೆಯಿಂದ ಮಾಡುತ್ತೇವೆ, ಮಾಡಬೇಕಾದದ್ದೇ. ಅದೇ ಕೈ ಮನೆಗೆ ಬಂದರೆ ಉಂಡ ತಟ್ಟೆಯನ್ನು ಎತ್ತುವುದಿಲ್ಲ. ಮಠದಲ್ಲಿ ಕಾಯಕವಾದದ್ದು ಮನೆಯಲ್ಲಿ ಹೆಂಗಸರ ಕೆಲಸ ಹೇಗೆ ಆಯಿತು? ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದದ್ದು ಇಷ್ಟಲ್ಲ, ಉಳಿದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದವಳು ಲಕ್ಕಮ್ಮ. ನನ್ನ ಮಟ್ಟಿಗೆ ಆಕೆ ನಮ್ಮ ನಾಡಿನ ಮೊದಲ ಲೆಕ್ಕಪರಿಶೋಧಕಿ. ಮಾರಯ್ಯ ಸಿಟ್ಟಾಗದೆ ಹೋಗಿ ಸುರಿದು ಬಂದನಲ್ಲ, ಆ ಮನೆಯಲ್ಲಿ ಮಾತಿನ ಪಾಲೂ ಇಬ್ಬರಿಗೂ ಇತ್ತು. ಆ ಕಥೆಯನ್ನು ವೇದಿಕೆಯ ಮೇಲೆ ನಾವು ಎಷ್ಟು ಸಲ ಹೇಳಿದ್ದೇವೆ! ಮಾರಯ್ಯನ ಪಾಲಿನ ಪಾಠವನ್ನು ಮಾತ್ರ ಬೇಗ ದಾಟಿ ಹೋಗುತ್ತೇವೆ.

ನಮ್ಮ ಮನೆಯಲ್ಲಿ ಹೇಗೆ ನಡೆಯಿತು ಎಂದು ಹೇಳುತ್ತೇನೆ. ಅಡುಗೆಮನೆಗೆ ಕಾಲಿಡುವುದು ಸುಲಭವಲ್ಲ. ಅಲ್ಲಿ ಇಷ್ಟು ವರ್ಷ ಆಕೆಯದೇ ರಾಜ್ಯ. ಹೊರಗೆ ಬೇರೆಲ್ಲೂ ಸಿಗದ ಅಧಿಕಾರ ಆಕೆಗೆ ಅಲ್ಲಿ ಸಿಕ್ಕಿದೆ. ನಾನು ಹೋಗಿ ನಿಂತಾಗ ಆಕೆ ಹೇಳಿದ್ದು ಇಷ್ಟು: 'ಹಿಂಗ ಬಂದು ನಿಂತು ನೋಡಿದ್ರ ನನಗ ಕೈನ ಆಡೂದಿಲ್ರಿ. ಮಾಡೂದಿದ್ರ ಒಂದು ಹೊತ್ತಿಂದು ಪೂರಾ ನೀವ ಮಾಡ್ರಿ. ಇಲ್ಲಂದ್ರ ಹೊರಗ ಕೂಡ್ರಿ.' ಇದಕ್ಕಿಂತ ಸ್ಪಷ್ಟವಾದ ಕಾರ್ಯಾದೇಶವನ್ನು ನಾನು ಸೇವೆಯಲ್ಲಿ ನೋಡಿಲ್ಲ. 'ಸಹಾಯ' ಎಂಬ ಮಾತೇ ಆಕೆಗೆ ಬೇಡವಾಗಿತ್ತು. ಸಹಾಯ ಮಾಡುವವನಿಗೆ ಉಪ್ಪು ಎಲ್ಲಿದೆ, ಬೇಳೆ ಎಷ್ಟು ಹಾಕಲಿ, ಕುಕ್ಕರ್ ಎಷ್ಟು ಸೀಟಿ ಎಂದು ಹೇಳುತ್ತಾ ನಿಲ್ಲಬೇಕು. ಅದೂ ಒಂದು ಕೆಲಸವೇ. ಹೊಣೆ ಪೂರ್ತಿ ವರ್ಗಾವಣೆ ಆಗಬೇಕು, ತರಕಾರಿ ತರುವುದರಿಂದ ಹಿಡಿದು ಒಲೆಕಟ್ಟೆ ಒರೆಸುವವರೆಗೆ.

ಹಾಗೆ ರಾತ್ರಿಯ ಹೊತ್ತು ನನ್ನ ಪ್ರಭಾರಕ್ಕೆ ಬಂತು. ಜೋಳದ ರೊಟ್ಟಿ ಬಡಿಯುವುದು ಇವತ್ತಿಗೂ ನನಗೆ ಒಲಿದಿಲ್ಲ. ನೀರಿನ ಹದ ಗೊತ್ತಿರುವ ಎಂಜಿನಿಯರನಿಗೂ ಅದು ಬೇರೆಯೇ ವಿದ್ಯೆ. ಅದಕ್ಕೇ ರಾತ್ರಿ ಅನ್ನ ಸಾರು, ಇಲ್ಲವೇ ಚಪಾತಿ, ಒಂದು ಕಾಳು ಪಲ್ಯ. ಉಪ್ಪು ಹೆಚ್ಚಾದರೂ ಆಕೆ ಏನೂ ಅನ್ನದೆ ಉಣ್ಣುವುದನ್ನು ರೂಢಿಸಿಕೊಂಡಿದ್ದಾಳೆ. ಅದು ಆಕೆಯ ಕಡೆಯ ಕಷ್ಟ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಜೆಯ ಎರಡು ತಾಸು ಆಕೆಗೆ ಬಿಡುವಾಯಿತು. ಮೊದಲ ಕೆಲವು ದಿನ ಆ ಎರಡು ತಾಸು ಏನು ಮಾಡಬೇಕೆಂದೇ ತಿಳಿಯದೆ ಸುಮ್ಮನೆ ಪಡಸಾಲೆಯಲ್ಲಿ ಕೂರುತ್ತಿದ್ದಳು. ಆಮೇಲೆ ಅಕ್ಕನ ಬಳಗಕ್ಕೆ ಹೋಗತೊಡಗಿದಳು. ಈಗ ಬಳಗದ ಲೆಕ್ಕಪತ್ರ ಆಕೆಯದೇ.

ಲೆಕ್ಕಪತ್ರ ಎಂದಾಗ ಇನ್ನೊಂದು ವಿಷಯ. ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು. ನಮ್ಮ ಬಳಗದಲ್ಲೇ ನಾನು ನೋಡಿದ್ದೇನೆ, ಗಂಡ ತೀರಿಕೊಂಡ ಮೇಲೆ ಪಿಂಚಣಿ ಪಾವತಿ ಆದೇಶ ಎಲ್ಲಿದೆ, ಯಾವ ಬ್ಯಾಂಕು, ಯಾವ ಶಾಖೆ ಎಂಬುದೂ ಗೊತ್ತಿಲ್ಲದೆ ತಿಂಗಳುಗಟ್ಟಲೆ ಅಲೆದಾಡಿದವರನ್ನು. ಕುಟುಂಬ ಪಿಂಚಣಿ ಎಂಬುದು ಗಂಡನ ಪಿಂಚಣಿಗಿಂತ ಕಡಿಮೆ ಮೊತ್ತ. ಅದೂ ಸಕಾಲಕ್ಕೆ ಬರದಿದ್ದರೆ ಆಕೆ ಮಕ್ಕಳ ಮುಂದೆ ಕೈಯೊಡ್ಡಬೇಕು. ಖಾತೆ ಇಬ್ಬರ ಹೆಸರಿನಲ್ಲಿ ಇರಲಿ, ಆದೇಶದಲ್ಲಿ ಆಕೆಯ ಹೆಸರು, ಜನ್ಮದಿನಾಂಕ ಸರಿಯಾಗಿದೆಯೇ ನೋಡಿ. ವರ್ಷಕ್ಕೊಮ್ಮೆ ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡಲು ಹೋಗುವಾಗ ಆಕೆಯನ್ನೂ ಕರೆದುಕೊಂಡು ಹೋಗಿ, ಫಾರಂ ಆಕೆಯ ಕೈಯಲ್ಲೇ ತುಂಬಿಸಿ. ಇದು ಅಶುಭದ ಮಾತು ಎಂದು ಕೆಲವರು ಬಾಯಿ ಮುಚ್ಚಿಸುತ್ತಾರೆ. ಸೇತುವೆ ಕಟ್ಟುವಾಗ ಪ್ರವಾಹದ ಲೆಕ್ಕ ಹಾಕುವುದು ಅಶುಭವೇ?

ಲೆಕ್ಕ ಉಲ್ಟಾ ಆದರೂ ಅಷ್ಟೇ. ಹೆಂಡತಿ ಮೊದಲು ಹೋದ ಗಂಡಸರ ಪಾಡನ್ನೂ ನೋಡಿದ್ದೇನೆ. ದೊಡ್ಡ ದೊಡ್ಡ ಕಾಮಗಾರಿ ಮುಗಿಸಿದವರು, ಒಂದು ಲೋಟ ಚಹಾಕ್ಕೆ ಸೊಸೆಯ ಮುಖ ನೋಡುತ್ತಾ ಕೂತಿರುತ್ತಾರೆ. ಸೊಸೆಗೂ ಕಚೇರಿ ಇದೆ. ಇಬ್ಬರಿಗೂ ಮುಜುಗರ. ಅನ್ನ ಬೇಯಿಸಲು ಬರುವ ಮುದುಕನಿಗೆ ಆ ಮುಜುಗರ ಇಲ್ಲ.

ಸೊಸೆಯ ಮಾತು ಬಂತು. ಬೆಂಗಳೂರಿನಲ್ಲಿ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗು ಹುಟ್ಟಿದಾಗ 'ಅವ್ವಾ, ನೀ ಬಾ' ಎಂದು ಫೋನು ಬಂತು. ಅಪ್ಪಾ ನೀನೂ ಬಾ ಎಂದು ಸೌಜನ್ಯಕ್ಕೆ. ನಿವೃತ್ತ ದಂಪತಿ ಮಕ್ಕಳ ಊರಿಗೆ ಹೋದರೆ ಕೆಲಸ ಆಕೆಯ ಜೊತೆ ಬಸ್ಸು ಹತ್ತುತ್ತದೆ, ಬಿಡುವು ನಮ್ಮ ಜೊತೆ. ಪಾರ್ಕಿನಲ್ಲಿ ಸಂಜೆ ನೋಡಿ, ನಮ್ಮ ವಯಸ್ಸಿನ ಗಂಡಸರು ಬೆಂಚಿನ ಮೇಲೆ ರಾಜಕೀಯ ಮಾತಾಡುತ್ತಾ ಕೂತಿರುತ್ತಾರೆ, ಹೆಂಗಸರ ಕೈಯಲ್ಲಿ ಮಗು ಮತ್ತು ಊಟದ ಬಟ್ಟಲು. ನಾನು ಹೋಗುವ ಮುನ್ನವೇ ಮಗನಿಗೆ ಹೇಳಿದೆ: 'ನಾವಿಬ್ಬರೂ ಬರ್ತೀವಿ, ಪಾಳಿ ಹಚ್ಚಿಕೊಂಡು ನೋಡ್ಕೋತೀವಿ. ನಿನ್ನ ಪಾಳಿ ಯಾವುದು ಹೇಳು.' ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಈಗ ಭಾನುವಾರದ ಅಡುಗೆ ಅವನದು. ಸೊಸೆ ನನ್ನ ಹತ್ತಿರ ಮೊದಲಿಗಿಂತ ಸಲುಗೆಯಿಂದ ಮಾತಾಡುತ್ತಾಳೆ.

ನನಗೆ ಕೊಟ್ಟ ಸಮಯ ಮುಗಿಯಿತು ಎಂದು ನಿರೂಪಕರು ಚೀಟಿ ಕಳಿಸಿದ್ದಾರೆ. ಒಂದು ಸೂಚನೆ ಕೊಟ್ಟು ಮಾತು ಮುಗಿಸುತ್ತೇನೆ. ಇವತ್ತಿನ ಪ್ರಸಾದ ಆದ ಮೇಲೆ ತಾಟು ಲೋಟ ತೊಳೆಯುವ ಪಾಳಿಗೆ ಅಕ್ಕನ ಬಳಗದವರ ಹೆಸರೇ ಎಂದಿನಂತೆ ಬರೆದಿತ್ತು. ಪೂಜ್ಯರ ಅಪ್ಪಣೆ ಪಡೆದು ಅದನ್ನು ತೆಗೆಸಿದ್ದೇನೆ. ನಿವೃತ್ತ ನೌಕರರು ಹದಿನಾಲ್ಕು ಜನ ಒಪ್ಪಿಕೊಂಡಿದ್ದಾರೆ, ಇನ್ನೂ ಆರು ಜನ ಬೇಕು. ಪಟ್ಟಿ ದಾಸೋಹ ಮನೆಯ ಬಾಗಿಲ ಹತ್ತಿರ ಇದೆ. ತಾಯಂದಿರು ದಯವಿಟ್ಟು ಮೊದಲ ಪಂಕ್ತಿಗೆ ಕುಳಿತುಕೊಳ್ಳಬೇಕು.