ಘಾಟಿಯ ಮೇಲಿನ ಪೇಟೆ: ತಾಳವಾಡಿ



ನಾವು ಇರುವ ಈ ತಮಿಳುನಾಡಿನಲ್ಲೇ ಮನೆಮಾತು, ಪೇಟೆಮಾತು ಎರಡೂ ಹೆಚ್ಚಾಗಿ ಕನ್ನಡವೇ ಆಗಿರುವ ಒಂದು ಊರಿದೆ. ಅದು ಈರೋಡು ಜಿಲ್ಲೆಯ ತಾಳವಾಡಿ. ಇವತ್ತು ಆ ಪುಟ್ಟ ಪೇಟೆಯ ವಿಚಾರ ಹೇಳುತ್ತೇನೆ.

ಸತ್ಯಮಂಗಲದಿಂದ ಹೊರಟರೆ ಮೊದಲು ಬಣ್ಣಾರಿ ಅಮ್ಮನ ಗುಡಿ. ಅಲ್ಲಿಂದ ದಿಂಬಂ ಘಾಟಿ ಶುರು. 27 ಕಡಿದಾದ ತಿರುವುಗಳನ್ನು ಹತ್ತಿ ಮೇಲೆ ಬಂದರೆ ಹವೆ ತಂಪಾಗುತ್ತದೆ, ಹಾಸನೂರಿನ ಕಾಡು ಎದುರಾಗುತ್ತದೆ. ಅದನ್ನು ದಾಟಿದರೆ ಸಿಗುವ ತಾಳವಾಡಿಯ ನೆಲ ಮೈಸೂರು ಪ್ರಸ್ಥಭೂಮಿಯ ಮುಂದುವರಿಕೆ. ರಾಗಿ, ಎಲೆಕೋಸು, ಆಲೂಗೆಡ್ಡೆ, ಬೆಳ್ಳುಳ್ಳಿ, ಅರಿಶಿನ, ಬಾಳೆ ಇಲ್ಲಿನ ಬೆಳೆಗಳು. ಚಾಮರಾಜನಗರ ಇಲ್ಲಿಗೆ ಸುಮಾರು 25 ಕಿ.ಮೀ. ಜಿಲ್ಲಾ ಕೇಂದ್ರವಾದ ಈರೋಡು 100 ಕಿ.ಮೀ.ಗೂ ದೂರ, ಅದೂ ಘಾಟಿ ಇಳಿದು.

ಹಾಗಾದರೆ ಈ ಊರು ತಮಿಳುನಾಡಿಗೆ ಸೇರಿದ್ದು ಹೇಗೆ? 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಕೊಳ್ಳೇಗಾಲವೂ ತಾಳವಾಡಿಯೂ ಅದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರನ್ನು ಒಡೆದು ಮಾಡಿದ ಹೊಸ ಜಿಲ್ಲೆಗೆ, ಅಂದರೆ ಇಂದಿನ ಈರೋಡಿಗೆ, ಇದು ಸೇರಿತು. 2016ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು.

ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲೇ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಬೆಳೆದ ಆ ಕಲಾವಿದರ ಹುಟ್ಟೂರು ಮದರಾಸು ಪ್ರಾಂತ್ಯದಲ್ಲೇ ಇತ್ತೆಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಅಪಹರಿಸಿದ್ದೂ ಗಾಜನೂರಿನಿಂದಲೇ. ಹತ್ತಿರದ ಗುಮಟಾಪುರದಲ್ಲಿ ದೀಪಾವಳಿ ಮುಗಿದ ಮೇಲೆ ಗೊರೆ ಹಬ್ಬ ನಡೆಯುತ್ತದೆ. ಬೀರೇಶ್ವರನ ಹೆಸರಿನಲ್ಲಿ ಸಗಣಿ ಎರಚಾಡುವ ಈ ಹಬ್ಬಕ್ಕೆ ಎರಡೂ ರಾಜ್ಯಗಳ ಜನ ಸೇರುತ್ತಾರೆ.

ಹಬ್ಬಕ್ಕೆ ಗಡಿಯಿಲ್ಲ, ವ್ಯಾಪಾರಕ್ಕೂ ಇಲ್ಲ. ಆದರೆ ಸರಕಾರಿ ಕಾಗದಕ್ಕೆ, ಪಾಠಪುಸ್ತಕಕ್ಕೆ ಗಡಿಯಿದೆ. 2006ರಲ್ಲಿ ತಮಿಳು ಕಲಿಕೆ ಕಾಯಿದೆ ಬಂತು. ಒಂದನೇ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಅದು 2016ರ ಹೊತ್ತಿಗೆ ಹತ್ತನೇ ತರಗತಿಯ ಪರೀಕ್ಷೆಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ವಿನಾಯಿತಿ ಬೇಕೆಂಬ ಮಾತು ನ್ಯಾಯಾಲಯದವರೆಗೂ ಹೋಯಿತು.

ತಮಿಳು ಕಲಿಯುವುದರಿಂದ ಮಕ್ಕಳಿಗೆ ನಷ್ಟವೇನಿಲ್ಲ. ಬದುಕುವ ನಾಡಿನ ಭಾಷೆ ಬರಲೇಬೇಕು, ಚೆನ್ನೈನಲ್ಲಿರುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಿಂತೆ ಬೇರೆಯದು. ಮನೆಯಲ್ಲಿ ಕನ್ನಡ ಆಡಿ, ಅದನ್ನು ಓದಲು ಬಾರದ ಒಂದು ತಲೆಮಾರು ಅಲ್ಲಿ ಬೆಳೆದರೆ? ನಮ್ಮ ಮನೆಯ ಮಕ್ಕಳಲ್ಲಿ ಅಂಥವರು ಈಗಾಗಲೇ ಇದ್ದಾರೆ. ಆದರೆ ನಾವು ಕನ್ನಡದ ನೆಲ ಬಿಟ್ಟು ಬಂದವರು. ತಾಳವಾಡಿಯವರು ಎಲ್ಲಿಗೂ ಹೋಗಲಿಲ್ಲ, ನಕ್ಷೆಯ ಗೆರೆ ಅವರ ಆಚೆ ಬದಿಯಲ್ಲಿ ಬಿತ್ತು, ಅಷ್ಟೇ.

ಮುಂದೆ ಮೈಸೂರಿಗೆ ಕಾರಿನಲ್ಲಿ ಹೊರಟಾಗ ಒಮ್ಮೆ ದಿಂಬಂ ದಾರಿ ಹಿಡಿಯಿರಿ. ಹಗಲಿನಲ್ಲೇ ಘಾಟಿ ಹತ್ತಿ. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ 2022ರಲ್ಲಿ ಮದರಾಸು ಹೈಕೋರ್ಟ್ ಅಲ್ಲಿ ರಾತ್ರಿ ಸಂಚಾರ ನಿರ್ಬಂಧಿಸಿದೆ. ತಾಳವಾಡಿ ಪೇಟೆಯಲ್ಲಿ ಇಳಿದು ತರಕಾರಿ ಕೊಳ್ಳಿ, ಕನ್ನಡದಲ್ಲೇ ಚೌಕಾಸಿ ಮಾಡಿ. ಜೊತೆಗೆ ಮಕ್ಕಳಿಗೆಂದು ನಾಲ್ಕು ಕನ್ನಡ ಪುಸ್ತಕ ಒಯ್ದರೆ ಅಲ್ಲಿನ ಶಾಲೆಗಳಲ್ಲಿ ಓದುವವರು ಸಿಗುತ್ತಾರೆ.