ಮೂವರು ಅರಸರ ಪಂಚಾಯಿತಿ

ಅರಸು ಎಂದೊಡನೆ ನಮಗೆ ನೆನಪಾಗುವುದು ಸಿಂಹಾಸನ. ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ ದಕ್ಷಿಣದ ಅರಸರಿಗೆ ಮರದಲ್ಲಿ ಕಡೆದ ಪೀಠ; ಉತ್ತರದ ಬಯಲುಸೀಮೆಯ ಅರಸರಿಗೆ ಪ್ರಾಣಿಗಳ ಚರ್ಮದ ಹಾಸು. ಅವುಗಳ ಮೇಲೆ ಕುಳಿತವರಿಗೆ ಇಂದು ಸೈನ್ಯವಿಲ್ಲ, ಶಾಸನ ಮಾಡುವ ಅಧಿಕಾರವಿಲ್ಲ. 1992ರ ಸಂವಿಧಾನವು ಅರಸೊತ್ತಿಗೆಯನ್ನು ಮನ್ನಿಸಿತಾದರೂ ಅರಸರು ಪಕ್ಷರಾಜಕಾರಣದಿಂದ ದೂರವಿರಬೇಕೆಂದು ವಿಧಿಸಿತು. ಹಾಗಾದರೆ ಇಂತಹ ಅರಸರಿಂದ ನಾಡಿಗೆ ಪ್ರಯೋಜನವೇನು? ಉತ್ತರ ಘಾನಾದ ದಗ್ಬಾನ್ ರಾಜ್ಯದ ಇತ್ತೀಚಿನ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ.

ದಗ್ಬಾನಿನ ರಾಜಧಾನಿ ಯೆಂಡಿ. ಅರಸನ ಬಿರುದು ಯಾ ನಾ. ಅಲ್ಲಿನ ರಾಜವಂಶದ ಚರಿತ್ರೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು, ಕಂಕುಳಲ್ಲಿ ಅದುಮಿ ನುಡಿಸುವ ವಾದ್ಯದ ಲುನ್ಸಿ ಎಂಬ ಕಲಾವಿದರು. ವಂಶದಲ್ಲಿ ಅಬುದು, ಅಂದಾನಿ ಎಂದು ಎರಡು ಕವಲು. ಅರಸುತನ ಸರದಿಯಂತೆ ಸಲ್ಲಬೇಕೆಂಬುದು ರೂಢಿ. ಸರದಿ ತಪ್ಪಿದಾಗ ಕಲಹ. 2002ರ ಮಾರ್ಚಿಯಲ್ಲಿ ಅಂದಾನಿ ಕವಲಿನ ಯಾ ನಾ ಎರಡನೆಯ ಯಾಕುಬು ಅಂದಾನಿ, ಅನೇಕ ಅನುಚರರೊಡನೆ ಕೊಲೆಯಾದನು. ಸರ್ಕಾರ ತುರ್ತು ಪರಿಸ್ಥಿತಿ ಸಾರಿತು, ವಿಚಾರಣಾ ಆಯೋಗ ನೇಮಿಸಿತು. ಆದರೆ ಗಂಟು ಇದ್ದುದು ಬೇರೆಡೆ. ಸತ್ತ ಅರಸನ ಉತ್ತರಕ್ರಿಯೆ ಮುಗಿಯದೆ ಹೊಸ ಅರಸನಿಲ್ಲ. 1974ರಲ್ಲಿ ಪದಚ್ಯುತನಾಗಿ ಮುಂದೆ ತೀರಿಕೊಂಡ ಅಬುದು ಕವಲಿನ ಅರಸನ ಕ್ರಿಯೆಯೂ ಅರಮನೆಯಲ್ಲಿ ನಡೆದಿರಲಿಲ್ಲ. ಯಾರ ಕ್ರಿಯೆ ಮೊದಲು, ಎಲ್ಲಿ, ಹೇಗೆ? ಇದನ್ನು ಯಾವ ಸೈನ್ಯ ತಾನೆ ತೀರ್ಮಾನಿಸೀತು?

2003ರಲ್ಲಿ ಸರ್ಕಾರ ಮೂವರು ಅರಸರನ್ನು ಕೇಳಿಕೊಂಡಿತು. ಒಬ್ಬರು ಮಾಂಪ್ರುಗುವಿನ ಅರಸರು. ಪರಂಪರೆಯಂತೆ ಅದು ದಗ್ಬಾನಿಗೆ ಅಣ್ಣನ ಮನೆ. ಇನ್ನೊಬ್ಬರು ಗೊಂಜಾದವರು, ಹಿಂದೊಮ್ಮೆ ಗೊಂಜಾದ ಒತ್ತಡದಿಂದಲೇ ದಗ್ಬಾನಿನ ರಾಜಧಾನಿ ಪೂರ್ವಕ್ಕೆ ಸರಿದಿತ್ತು. ಅಧ್ಯಕ್ಷರು ದಕ್ಷಿಣದ ಅಸಾಂಟೆ ಅರಸರಾದ ಎರಡನೆಯ ಒಸೈ ಟುಟು. ಅಸಾಂಟೆಯವರು ಹದಿನೆಂಟನೆಯ ಶತಮಾನದಲ್ಲಿ ದಗ್ಬಾನನ್ನು ಮಣಿಸಿ, ಗುಲಾಮರನ್ನೂ ಕಪ್ಪವಾಗಿ ಪಡೆದವರು. ನಮ್ಮ ಹಳೆಯ ಭೂಗೋಳದ ಪಾಠಗಳಲ್ಲಿ ಈ ಜನರ ಹೆಸರು ಅಶಾಂತಿ ಎಂದೇ ಕಿವಿಗೆ ಬೀಳುತ್ತಿತ್ತು! ಹೀಗೆ ಅಣ್ಣ, ಹಳೆಯ ವೈರಿ, ಹಳೆಯ ಒಡೆಯ, ಮೂವರೂ ಒಂದೆಡೆ ಕುಳಿತರು.

ಮಾತುಕತೆ ಹದಿನೈದು ವರ್ಷ ಎಳೆಯಿತು. ನಡುವೆ ಸರ್ಕಾರಗಳು ಬದಲಾದವು. ಪೀಠವೂ ಚರ್ಮವೂ ಕಾದವು. ಕೊನೆಗೆ ಎರಡು ಕ್ರಿಯೆಗಳನ್ನೂ ಒಂದಾದ ಮೇಲೊಂದರಂತೆ ನಡೆಸಬೇಕೆಂದಾಯಿತು. 2018ರ ಡಿಸೆಂಬರಿನಲ್ಲಿ ಅಬುದು ಅರಸನ ಕ್ರಿಯೆ, 2019ರ ಜನವರಿಯಲ್ಲಿ ಅಂದಾನಿ ಅರಸನ ಕ್ರಿಯೆ. ಆ ತಿಂಗಳಲ್ಲೇ ಹೊಸ ಯಾ ನಾ ಚರ್ಮದ ಮೇಲೆ ಕುಳಿತರು.

ಇದರಲ್ಲಿ ಎಲ್ಲವೂ ಮಂಗಳವೆನ್ನಲಾಗದು. ಕೊಲೆಯ ಮೊಕದ್ದಮೆಯಲ್ಲಿ ಆರೋಪಿಗಳು 2011ರಲ್ಲಿ ಬಿಡುಗಡೆಯಾಗಿದ್ದರು. ಸತ್ತವರ ಮನೆಯವರಿಗೆ ಶಾಂತಿ ದೊರೆತರೂ ನ್ಯಾಯ ದೊರೆಯಿತೆ ಎಂಬ ಪ್ರಶ್ನೆ ಉಳಿದಿದೆ. ನೆತ್ತರು ಹರಿದದ್ದೂ ಪರಂಪರೆಯ ಹೆಸರಿನಲ್ಲೇ ಎಂಬುದನ್ನು ಮರೆಯುವಂತಿಲ್ಲ.

ಆದರೂ ಒಂದು ಮಾತು ನಿಶ್ಚಯ. ಸಂಸ್ಕೃತಿಯ ಪುನರುಜ್ಜೀವನವೆಂದರೆ ಉತ್ಸವ, ಛತ್ರ, ಚಾಮರಗಳಷ್ಟೇ ಅಲ್ಲ. ನೆರೆಯ ಮನೆಯ ಜಗಳವನ್ನು ಆ ಮನೆಯ ಭಾಷೆಯಲ್ಲೇ ಬಿಡಿಸಬಲ್ಲ ಹಿರಿತನ ಉಳಿದಿರುವುದು ಅದರ ಸಾರ. ಭಯ ತೊಲಗದ ಊರಿನಲ್ಲಿ ಸಂತೆ ನೆರೆಯದು, ಶಾಲೆ ನಡೆಯದು. ಅಭಿವೃದ್ಧಿಯ ಮೊದಲ ಮೆಟ್ಟಿಲು ಅಲ್ಲಿದೆ. ಖಡ್ಗ ಕಳೆದುಕೊಂಡ ಅರಸರಿಗೆ ಮಾತು ಉಳಿದಿತ್ತು. ಯೆಂಡಿಯಲ್ಲಿ ಆ ಮಾತೇ ಸಾಕಾಯಿತು.