ಸ್ವಂತ ಲಾರಿಯ ಮೊದಲ ವರ್ಷ



ನೀವು ಹಾವೇರಿ ಜಿಲ್ಲೆಯವರಾಗಿದ್ದರೆ ಈ ನೋಟ ನಿಮಗೆ ಹೊಸದೇನಲ್ಲ. ಪುಣೆ-ಬೆಂಗಳೂರು ಹೆದ್ದಾರಿ ಶಿಗ್ಗಾಂವಿ, ಬಂಕಾಪುರಗಳ ಮಗ್ಗುಲಲ್ಲಿ ಹಾದುಹೋಗುತ್ತದೆ. ಹಿರೇಕೆರೂರಿನ ಗೋವಿನಜೋಳ ಮತ್ತು ಹತ್ತಿ, ಹಾನಗಲ್ಲಿನ ಭತ್ತ ಮತ್ತು ಮಾವು, ಸವಣೂರಿನ ವೀಳ್ಯದೆಲೆ, ಇವೆಲ್ಲ ಊರು ಬಿಟ್ಟು ಪೇಟೆ ಸೇರುವುದು ಗಾಡಿ ಏರಿಯೇ. ಲಾರಿಯ ಹಣೆಯ ಮೇಲೆ ದೇವರ ಹೆಸರು, ಹಿಂಬದಿಗೆ ಮಕ್ಕಳ ಹೆಸರು. ಅವನ್ನು ನಾವೆಲ್ಲ ಓದುತ್ತೇವೆ. ಚಾಲಕನ ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ವಿಮಾ ಪಾಲಿಸಿಯನ್ನು ಮಾತ್ರ ಓದುವವರು ಕಡಿಮೆ. ಇಂದು ಆ ಕಾಗದವನ್ನೇ ಬಿಚ್ಚಿ ನೋಡೋಣ.

ಈಚೆಗೆ ಚಿತ್ರೀಕರಣಕ್ಕೆಂದು ಹಾನಗಲ್ಲ ಕಡೆ ಹೋಗಿದ್ದಾಗ ಚಹಾ ಅಂಗಡಿಯ ಮುಂದೆ ಒಬ್ಬ ತರುಣ ಸಿಕ್ಕ. ಸಾಲ ಮಾಡಿ ಹಳೆಯ ಆರು ಗಾಲಿಯ ಲಾರಿ ಕೊಂಡಿದ್ದ. ನಾನು ವಿಜ್ಞಾನ ಓದಿದವನೆಂದು ತಿಳಿದ ಮೇಲೆ ಅವನು ಕೇಳಿದ: "ಏಳು ವರ್ಷ ಮಂದಿ ಗಾಡಿ ಓಡಿಸೀನ್ರಿ ಸರ್, ಒಂದು ಗೀರು ಬಿದ್ದಿಲ್ಲ. ನನ್ನ ಗಾಡಿ ತೊಗೊಂಡ ಮ್ಯಾಲ ವಿಮಾದಾಗ ಒಂದ್ ರೂಪಾಯಿ ಕಡಿಮಿ ಮಾಡ್ಲಿಲ್ಲ. ಗಾಡಿ ಮಾರಿದ ಮಾಲಕಗ ರಿಯಾಯಿತಿ ಇತ್ತಂತ. ಇದೆಂಥಾ ಲೆಕ್ಕರಿ?"

"ತಮ್ಮಾ, ಲೆಕ್ಕ ಐತಿ, ಕೂಡು" ಎಂದು ಹೇಳಿ ನಾನು ಅವನಿಗೆ ವಿವರಿಸಿದ್ದನ್ನೇ ನಿಮಗೂ ಹೇಳುತ್ತೇನೆ.

ಲಾರಿಯ ವಿಮೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಮೂರನೆಯ ವ್ಯಕ್ತಿಯ ವಿಮೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಸಾವು, ಗಾಯ, ನಷ್ಟ ಆದರೆ ಪರಿಹಾರ ಕೊಡುವುದು ಇದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದಿಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಈ ಭಾಗದ ಕಂತನ್ನು ಕೇಂದ್ರ ಸರ್ಕಾರವೇ ಗೊತ್ತುಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ, ಹೊರೆ ಸೇರಿ 7,500 ಕಿಲೋ ಮೀರದ ಬಾಡಿಗೆ ಸರಕು ಗಾಡಿಗೆ ವರ್ಷಕ್ಕೆ 16,049 ರೂಪಾಯಿ. 12,000 ಕಿಲೋದಿಂದ 20,000 ಕಿಲೋದವರೆಗಿನ ಲಾರಿಗೆ 35,313 ರೂಪಾಯಿ. ತೆರಿಗೆ ಬೇರೆ. ಇಪ್ಪತ್ತು ವರ್ಷದ ಅನುಭವಿಗೂ ನಿನ್ನೆ ಗಾಡಿ ಕೊಂಡವನಿಗೂ ಇದು ಒಂದೇ.

ಎರಡನೆಯದು ಸ್ವಂತ ಗಾಡಿಯ ನಷ್ಟದ ವಿಮೆ. 2007ರ ಜನವರಿ 1ರಿಂದ ಇದರ ದರವನ್ನು ಕಂಪನಿಗಳೇ ನಿಗದಿ ಮಾಡುತ್ತವೆ. ಹೊಸಬನಿಗೂ ಹಳಬನಿಗೂ ವ್ಯತ್ಯಾಸ ಬರುವುದು ಇಲ್ಲಿ. ಒಂದು ವರ್ಷ ಪರಿಹಾರ ಕೇಳದಿದ್ದರೆ ಮುಂದಿನ ವರ್ಷ ಈ ಭಾಗದ ಕಂತಿನಲ್ಲಿ ನೂರಕ್ಕೆ 20 ರಿಯಾಯಿತಿ. ಹೀಗೇ ಮುಂದುವರಿದರೆ 25, 35, 45, ಐದು ವರ್ಷಕ್ಕೆ 50. ಲೆಕ್ಕಕ್ಕೆಂದು ಈ ಭಾಗದ ಕಂತು 20,000 ರೂಪಾಯಿ ಎಂದುಕೊಳ್ಳಿ. ಐದು ವರ್ಷ ಪರಿಹಾರ ಕೇಳದವನು 10,000 ಕಟ್ಟುತ್ತಾನೆ. ಹೊಸಬ ಪೂರ್ತಿ ಕಟ್ಟುತ್ತಾನೆ.

ಈ ರಿಯಾಯಿತಿ ಗಾಡಿಗೆ ಅಂಟಿಕೊಂಡಿಲ್ಲ, ಪಾಲಿಸಿ ಹೊಂದಿದ ಮಾಲೀಕನಿಗೆ ಸೇರಿದ್ದು. ಗಾಡಿ ಮಾರಿದವನು ಅದನ್ನು ತನ್ನ ಜೊತೆಗೇ ಒಯ್ಯುತ್ತಾನೆ. ಪರರ ಗಾಡಿಯನ್ನು ಏಳು ವರ್ಷ ಚೆನ್ನಾಗಿ ಓಡಿಸಿದ್ದಕ್ಕೆ ಫಲ ಸಿಕ್ಕಿದ್ದು ಆ ಗಾಡಿಯ ಮಾಲೀಕನಿಗೆ. ತರುಣನ ಸಂಕಟ ನಿಜ. ಆದರೆ ಅವನ ಖಾತೆ ಈಗಷ್ಟೇ ತೆರೆದಿದೆ.

ಇನ್ನು, ಮೊದಲ ಭಾಗಕ್ಕೆ ಅಷ್ಟೊಂದು ಹಣ ಏಕೆ? ಇದಕ್ಕೂ ಗಣಿತವಿದೆ. ಲಾರಿಯ ತಪ್ಪಿನಿಂದ 30 ವರ್ಷದ ಒಬ್ಬ ಮೇಸ್ತ್ರಿ ತೀರಿಕೊಂಡರೆಂದು ಭಾವಿಸಿ. ತಿಂಗಳ ದುಡಿಮೆ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ವರ್ಷದ ಆದಾಯ 1,80,000. ಸ್ವಂತ ದುಡಿಮೆಯ, 40ರೊಳಗಿನವರ ಆದಾಯಕ್ಕೆ ಮುಂದಿನ ಏಳಿಗೆಯೆಂದು ನೂರಕ್ಕೆ 40 ಸೇರಿಸಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಆಗ 2,52,000. ಅವರ ಸ್ವಂತ ಖರ್ಚೆಂದು ನಾಲ್ಕನೆಯ ಒಂದು ಪಾಲು ಕಳೆದರೆ 1,89,000. 2009ರ ತೀರ್ಪಿನಂತೆ ಈ ವಯಸ್ಸಿಗೆ ಗುಣಿಸುವ ಸಂಖ್ಯೆ 17. ಗುಣಿಸಿ ನೋಡಿ: 32,13,000 ರೂಪಾಯಿ! ಉಳಿದ ಸಣ್ಣ ಬಾಬ್ತುಗಳು ಇದರ ಮೇಲೆ.

ಇದನ್ನು 35,313ರಿಂದ ಭಾಗಿಸಿದರೆ ಸುಮಾರು 91 ಬರುತ್ತದೆ. ಅಂದರೆ ಒಂದು ಮನೆಯ ದೀಪ ಆರಿದಾಗ, 91 ಲಾರಿಗಳು ವರ್ಷವಿಡೀ ಕಟ್ಟಿದ ಹಣ ಆ ಒಂದೇ ಮನೆಗೆ ಹೋಗಬೇಕಾಗುತ್ತದೆ. ಯಾವ ಲಾರಿಗೆ ಅಪಘಾತವಾಗುತ್ತದೆ ಎಂದು ಯಾರೂ ಹೇಳಲಾರರು. ಆದರೆ ಬಹಳ ಲಾರಿಗಳನ್ನು ಒಟ್ಟಿಗೆ ತೆಗೆದುಕೊಂಡರೆ ಸುಮಾರು ಎಷ್ಟಕ್ಕೆ ಆಗಬಹುದೆಂದು ಅಂದಾಜು ಹಾಕಬಹುದು. ನೀವು ತರಗತಿಯಲ್ಲಿ ಓದುವ ಸಂಭವನೀಯತೆ ಇದೇ. ವಿಮೆ ಇಲ್ಲದಿದ್ದರೆ ಆ 32 ಲಕ್ಷ ಒಬ್ಬನ ಹೆಗಲಿಗೆ ಬೀಳುತ್ತದೆ. ಲಾರಿ ಮಾರಿದರೂ, ಹೊಲ ಮಾರಿದರೂ ಸಾಲದು.

ಕಂತು ಕಟ್ಟಿದರೆ ಎಲ್ಲ ಮುಗಿಯಿತೇ? ಇಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಆಗುವ ನಾಲ್ಕು ತಪ್ಪುಗಳನ್ನು ಗಮನಿಸಿ.

ಒಂದು, ಮದುವೆಗೆ, ಜಾತ್ರೆಗೆ ಲಾರಿಯಲ್ಲಿ ಜನರನ್ನು ಕರೆದೊಯ್ಯುವುದು. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿಗೆ ವಿಮೆಯ ರಕ್ಷೆ ಇದೆ. ಪುಕ್ಕಟೆ ಏರಿದ ಬೀಗರಿಗೆ ಇಲ್ಲ. ಅವರಿಗೆ ಏನಾದರೂ ಆದರೆ ಹೊಣೆ ಮಾಲೀಕನದೇ. 2002ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ.

ಎರಡು, ಹಳೆಯ ಗಾಡಿ ಕೊಂಡು ಪಾಲಿಸಿಯನ್ನು ಹಿಂದಿನ ಮಾಲೀಕನ ಹೆಸರಿನಲ್ಲೇ ಬಿಡುವುದು. 14 ದಿನದೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕು. ಇಲ್ಲವಾದರೆ ಸ್ವಂತ ಗಾಡಿಯ ನಷ್ಟಕ್ಕೆ ಪರಿಹಾರ ಸಿಗುವುದಿಲ್ಲ.

ಮೂರು, ಮಾಲೀಕನೇ ಚಾಲಕನಾಗಿರುವಾಗ ತನ್ನನ್ನು ಮರೆಯುವುದು. ಅವನು ಮೂರನೆಯ ವ್ಯಕ್ತಿಯಲ್ಲ. ಅವನ ಮನೆಯವರಿಗಿರುವುದು ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. 2018ರಲ್ಲಿ ಇದರ ಮೊತ್ತವನ್ನು 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಪಾಲಿಸಿಯಲ್ಲಿ ಇದು ಇದೆಯೇ, ವಾರಸುದಾರರ ಹೆಸರು ಬರೆದಿದೆಯೇ ಎಂದು ನೋಡಬೇಕು.

ನಾಲ್ಕು, ಅವಧಿ ಮೀರುವುದು. ಮುಗಿದ ಮೇಲೆ 90 ದಿನದೊಳಗೆ ನವೀಕರಿಸದಿದ್ದರೆ ಕೂಡಿಟ್ಟ ರಿಯಾಯಿತಿ ಹೋಗುತ್ತದೆ. ಆ ನಡುವಿನ ದಿನಗಳಲ್ಲಿ ಅಪಘಾತವಾದರೆ ಕಾಯುವವರೂ ಇಲ್ಲ. ಮೊದಲ ವರ್ಷ ಸಾಲದ ಕಂತು, ಟೈರು, ತೆರಿಗೆ ಎಲ್ಲ ಒಟ್ಟಿಗೆ ಬರುವುದರಿಂದ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. 35,313 ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 3,000ಕ್ಕೂ ತುಸು ಕಡಿಮೆ. ಪ್ರತಿ ಬಾಡಿಗೆಯಿಂದ ಇಷ್ಟೆಂದು ತೆಗೆದಿಟ್ಟರೆ ವರ್ಷದ ಕೊನೆಗೆ ಕೈಗಡ ಕೇಳಬೇಕಾಗಿಲ್ಲ.

ಇಷ್ಟು ಕೇಳಿ ಆ ತರುಣ ಗಾಡಿ ಹತ್ತಿ ಪಾಲಿಸಿ ತಂದ. ಹೆಸರು ಅವನದೇ ಇತ್ತು. ವೈಯಕ್ತಿಕ ಅಪಘಾತ ವಿಮೆಯ ಎದುರಿಗೆ ಮಾತ್ರ ಸೊನ್ನೆ ಇತ್ತು. "ನಾಳೆನ ಮಾಡಿಸ್ತೀನ್ರಿ" ಎಂದ. ಮನೆಯಲ್ಲಿ ಆರು ತಿಂಗಳ ಕೂಸು ಇದೆಯಂತೆ.

ಮಿತ್ರರೇ, ನಿಮ್ಮ ತಂದೆಯವರೋ ಅಣ್ಣನೋ ಕಾಕಾನೋ ಗಾಡಿ ಇಟ್ಟಿರಬಹುದು. ದಿನವಿಡೀ ರಸ್ತೆಯ ಮೇಲಿರುವ ಅವರಿಗೆ ಸಣ್ಣ ಅಕ್ಷರ ಓದಲು ಪುರುಸೊತ್ತಿಲ್ಲ. ನಿಮಗಿದೆ. ಇಂದು ಸಂಜೆ ಆ ಕಾಗದ ಕೇಳಿ ತೆಗೆದುಕೊಳ್ಳಿ. ಹೆಸರು, ಕೊನೆಯ ದಿನಾಂಕ, ಮಾಲೀಕ-ಚಾಲಕರ ವಿಮೆ, ಈ ಮೂರನ್ನು ಓದಿ ಹೇಳಿ. ಅದಕ್ಕೆ ಹತ್ತು ನಿಮಿಷ ಸಾಕು.